ಉರಿಯುವ ಮನೆಯ ಗಳ ಹಿರಿಯುವವರು

(ನಿಟ್ಟೂರಿನಲ್ಲಿ ಮಾಡಿದ ಭಾಷಣದ ಪಠ್ಯ)



ಒಂದು ದೇಶದಲ್ಲಿ ರಾಜಕೀಯ ಕ್ಷೋಭೆ ಉಂಟಾದಾಗ, ಜನರು ಬೀದಿಗಿಳಿದಾಗ, ಸರಕಾರವು ತನ್ನ ಪ್ರಜೆಗಳ ಮೇಲೆಯೇ ಗುಂಡು ಹಾರಿಸಿದಾಗ ಇನ್ನೊಂದು ದೇಶವು ಮಧ್ಯಪ್ರವೇಶಿಸಬೇಕೇ? ಇಂದು ನಮ್ಮ ಮುಂದಿರುವ ಪ್ರಶ್ನೆ ಇದು. ಇದು ದಿಲ್ಲಿಯ ರಾಜತಾಂತ್ರಿಕರಿಗೆ ಸೇರಿದ ವಿಷಯ, ತೆಂಗು ಅಡಿಕೆಯ ಬೆಲೆ, ಮಳೆ ಬೆಳೆ, ಮಕ್ಕಳ ಶಾಲಾ ಶುಲ್ಕ ಇವುಗಳ ಚಿಂತೆಯಲ್ಲಿರುವ ನಮಗೆ ಇದರಿಂದ ಏನಾಗಬೇಕಾಗಿದೆ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದ ಮೊದಲು ಅದಕ್ಕೆ ಉತ್ತರ ಕೊಡೋಣ.

ದೂರದ ದೇಶದ ಬೆಂಕಿ ನಮ್ಮ ರಾಜ್ಯದ ಮನೆಗಳನ್ನು ಮುಟ್ಟುತ್ತಲೇ ಬಂದಿದೆ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಮರಳಿ ತರಬೇಕಾಯಿತು. ಅವರಲ್ಲಿ ನಮ್ಮ ಕರಾವಳಿಯ ಎಷ್ಟೋ ಮಂದಿ ಉಟ್ಟ ಬಟ್ಟೆಯಲ್ಲೇ ಊರು ಸೇರಿದರು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ನಡೆಸಿದಾಗ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಖಾರ್ಕಿವ್ ನಗರದಲ್ಲಿ ಪ್ರಾಣ ಕಳೆದುಕೊಂಡ. 2023ರ ಏಪ್ರಿಲ್‌ನಲ್ಲಿ ಸುಡಾನಿನ ಇಬ್ಬರು ಸೇನಾನಾಯಕರು ಪರಸ್ಪರ ಕಾದಾಡತೊಡಗಿದಾಗ ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅನ್ನ ನೀರಿಲ್ಲದೆ ಅಲ್ಲಿ ಸಿಕ್ಕಿಬಿದ್ದರು. ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು ಯುದ್ಧಭೂಮಿಗೆ ತಳ್ಳಲ್ಪಟ್ಟು 2024ರಲ್ಲಿ ಹೇಗೋ ಮರಳಿದರು. ಹೀಗಿರುವಾಗ ವಿದೇಶದ ಕ್ಷೋಭೆ ನಮಗೆ ಸಂಬಂಧಿಸಿದ್ದಲ್ಲ ಎಂದು ಯಾರೂ ಹೇಳುವಂತಿಲ್ಲ.

ಎರಡನೆಯದಾಗಿ, ಈ ಪ್ರಶ್ನೆಗೆ ನಾವು ಪ್ರತಿದಿನವೂ ಉತ್ತರ ಕೊಡುತ್ತಲೇ ಇದ್ದೇವೆ. ಕೈಯಲ್ಲಿ ಮೊಬೈಲ್ ಹಿಡಿದ ಯುವಕರು, ಚಹಾ ಅಂಗಡಿಯಲ್ಲಿ ಪತ್ರಿಕೆ ಬಿಡಿಸಿದ ಹಿರಿಯರು, ಇಂಥ ದೇಶಕ್ಕೆ ಸೈನ್ಯ ಕಳುಹಿಸಬೇಕಿತ್ತು, ಇಂಥ ಸರಕಾರವನ್ನು ಕಿತ್ತೆಸೆಯಬೇಕಿತ್ತು ಎಂದು ತೀರ್ಪು ಕೊಡುತ್ತಾರೆ. ಆ ತೀರ್ಪುಗಳಲ್ಲಿ ಆವೇಶವಿರುವಷ್ಟು ವಿಚಾರವಿದೆಯೇ ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ಮೂರನೆಯ ಕಾರಣ ಎಲ್ಲಕ್ಕಿಂತ ಮುಖ್ಯವಾದುದು. ಜನರಿಗೆ ಆಡಳಿತದಿಂದ ಅನ್ಯಾಯವಾಗುತ್ತಿದೆ, ಅವರನ್ನು ಉದ್ಧರಿಸಲೆಂದೇ ನಾವು ಬಂದಿದ್ದೇವೆ ಎಂದು ಹೇಳಿಕೊಂಡು ಒಂದು ಪರಕೀಯ ಶಕ್ತಿಯು ಬಂದು ಕುಳಿತ ನೆಲ ನಮ್ಮದೇ ಆಗಿದೆ. ಮಧ್ಯಪ್ರವೇಶವೆಂದರೇನು ಎಂಬುದನ್ನು ನಾವು ಬಾಗ್ದಾದಿನಿಂದಲೋ ಕಾಬೂಲಿನಿಂದಲೋ ಕಲಿಯಬೇಕಾಗಿಲ್ಲ. ಹಳೆಯ ಮೈಸೂರು ಸಂಸ್ಥಾನದ ಇತಿಹಾಸವೇ ಅದಕ್ಕೆ ಸಾಕು.

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದ ಬಳಿಕ ಈಸ್ಟ್ ಇಂಡಿಯಾ ಕಂಪೆನಿಯು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕೂರಿಸಿತು. ಅದೇ ವರ್ಷ ಮಾಡಿಕೊಂಡ ಒಪ್ಪಂದದಂತೆ ಮೈಸೂರು ಸಂಸ್ಥಾನವು ಪ್ರತಿವರ್ಷ ಏಳು ಲಕ್ಷ ವರಹಗಳನ್ನು, ಅಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು ಕಂಪೆನಿಯ ಸೈನ್ಯದ ಖರ್ಚಿಗೆಂದು ಕೊಡಬೇಕಾಗಿತ್ತು. ಈ ಹಣ ಬಾರದೆ ಹೋಗಬಹುದೆಂಬ ಅನುಮಾನ ಬಂದರೆ ಸಂಸ್ಥಾನದ ಆಡಳಿತವನ್ನು ತಾನೇ ವಹಿಸಿಕೊಳ್ಳುವ ಹಕ್ಕನ್ನೂ ಕಂಪೆನಿ ಆ ಒಪ್ಪಂದದಲ್ಲಿ ಬರೆಸಿಕೊಂಡಿತ್ತು. ಒಳಬರುವ ಬಾಗಿಲಿನ ಬೀಗದಕೈಯನ್ನು ಮನೆ ಕಟ್ಟಿಕೊಟ್ಟ ದಿನವೇ ಅದು ತನ್ನ ಜೇಬಿಗೆ ಹಾಕಿಕೊಂಡಿತ್ತು.

ಮುಂದೆ ಆದದ್ದೇನು? ದಿವಾನ್ ಪೂರ್ಣಯ್ಯನವರ ಕಾಲ ಮುಗಿದ ಮೇಲೆ ಕಂದಾಯ ವಸೂಲಿಯಲ್ಲಿ ಶರತ್ತಿನ ಪದ್ಧತಿ ಬೇರೂರಿತು. ಇಷ್ಟು ಹಣ ಕೊಟ್ಟೇ ತೀರುತ್ತೇನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡಬೇಕು, ಆ ಹಣವನ್ನು ರೈತನಿಂದ ಹಿಂಡಬೇಕು. 1830ರಲ್ಲಿ ನಗರ ಸೀಮೆಯ ರೈತರು ಹೊಸಂತೆ ಮುಂತಾದೆಡೆ ಕೂಟ ಸೇರಿ ಕಂದಾಯ ಕೊಡಲು ನಿರಾಕರಿಸಿದರು. ಬೂದಿ ಬಸವಪ್ಪ ಎಂಬವನು ನಗರದ ಅರಸನೆಂದು ಘೋಷಿಸಿಕೊಂಡ. ತರೀಕೆರೆಯ ಪಾಳೆಯಗಾರನೂ ಕೈಜೋಡಿಸಿದ. ರೈತರ ಅಳಲು ನಿಜವಾಗಿತ್ತು. ಆಡಳಿತದಲ್ಲಿ ಲೋಪವಿದ್ದುದೂ ನಿಜವಾಗಿತ್ತು. ಈ ಎರಡು ನಿಜಗಳನ್ನು ನಾವು ಮರೆಮಾಚಬೇಕಾಗಿಲ್ಲ.

ಆದರೆ ಕಂಪೆನಿ ಮಾಡಿದ್ದೇನು? ಮೊದಲು ತನ್ನ ಸೈನ್ಯವನ್ನು ಕಳುಹಿಸಿ ಅದೇ ರೈತರನ್ನು ಹತ್ತಿಕ್ಕಿತು. ಆಮೇಲೆ ಆ ರೈತರ ಹೆಸರಿನಲ್ಲಿಯೇ ಅರಸರನ್ನು ಪಕ್ಕಕ್ಕೆ ಸರಿಸಿತು. ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಪತ್ರ ಬರೆದು ಸಂಸ್ಥಾನದ ಆಡಳಿತವನ್ನು ತನ್ನ ವಶಕ್ಕೆ ಒಪ್ಪಿಸಬೇಕೆಂದು ಆದೇಶಿಸಿದ. ಆಗ ಒಡೆಯರಿಗೆ 37 ವರ್ಷ. ಕಂಪೆನಿಯೇ ನೇಮಿಸಿದ ವಿಚಾರಣಾ ಸಮಿತಿಯು ಎಲ್ಲ ಮುಗಿದ ಮೇಲೆ, 1833ರಲ್ಲಿ, ವರದಿ ಕೊಟ್ಟಿತು. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ! ಬೆಂಟಿಂಕನಿಗೇ ತನ್ನ ಕ್ರಮದ ಬಗ್ಗೆ ಅಳುಕು ಹುಟ್ಟಿ, ಸಂಸ್ಥಾನದ ಒಂದು ಭಾಗವನ್ನಾದರೂ ಅರಸರಿಗೆ ಮರಳಿಸೋಣವೆಂದು 1834ರಲ್ಲಿ ಸಲಹೆ ಮಾಡಿದ. ಲಂಡನ್ನಿನ ನಿರ್ದೇಶಕರು ಅದಕ್ಕೆ ಒಪ್ಪಲಿಲ್ಲ. ಮುಮ್ಮಡಿ ಕೃಷ್ಣರಾಜರು ಮನವಿಯ ಮೇಲೆ ಮನವಿ ಬರೆಯುತ್ತಾ 1868ರಲ್ಲಿ ತೀರಿಕೊಂಡರು. ಸಂಸ್ಥಾನವು ಒಡೆಯರ ಮನೆತನಕ್ಕೆ ಮರಳಿದ್ದು 1881ರ ಮಾರ್ಚ್ 25ರಂದು. ತಾತ್ಕಾಲಿಕವೆಂದು ಆರಂಭವಾದ ಮಧ್ಯಪ್ರವೇಶವು ಐವತ್ತು ವರ್ಷ ನಡೆಯಿತು.

ಇಲ್ಲಿ ನಾವು ನ್ಯಾಯವನ್ನು ಮೀರಿ ಮಾತನಾಡಬಾರದು. ಆ ಐವತ್ತು ವರ್ಷಗಳಲ್ಲಿ ಒಳ್ಳೆಯ ಕೆಲಸಗಳೇ ನಡೆಯಲಿಲ್ಲವೆಂದಲ್ಲ. 1834ರಿಂದ 1861ರವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ ನೂರಾರು ಸಣ್ಣಪುಟ್ಟ ತೆರಿಗೆಗಳನ್ನು ರದ್ದುಪಡಿಸಿದ, ರಸ್ತೆಗಳನ್ನು ಮಾಡಿಸಿದ. ಆಗಿನ ಚಿತ್ರದುರ್ಗ ವಿಭಾಗದ ಕೇಂದ್ರ ನಮ್ಮ ತುಮಕೂರಿನಲ್ಲಿತ್ತು. ಅದರ ಮೇಲ್ವಿಚಾರಕನಾಗಿ ಬಹುಕಾಲ ಇದ್ದ ಡಾಬ್ಸ್ ಎಂಬ ಅಧಿಕಾರಿಯ ಹೆಸರೇ ಬೆಂಗಳೂರು ದಾರಿಯ ಡಾಬಸ್‌ಪೇಟೆಗೆ ಇಂದಿಗೂ ಉಳಿದಿದೆ. ಒಬ್ಬ ಅಧಿಕಾರಿ ಪ್ರಾಮಾಣಿಕನಾಗಿರಬಹುದು, ಅವನ ಕೈಯಿಂದ ಜನರಿಗೆ ಒಳಿತೂ ಆಗಬಹುದು. ಆದರೆ ಅವನು ಯಾರಿಗೆ ಉತ್ತರದಾಯಿ? ಗುಬ್ಬಿಯ ರೈತನಿಗಲ್ಲ, ಕುಣಿಗಲಿನ ನೇಕಾರನಿಗಲ್ಲ. ಅವನು ಲೆಕ್ಕ ಒಪ್ಪಿಸಬೇಕಾದದ್ದು ಕಲ್ಕತ್ತಕ್ಕೆ ಮತ್ತು ಲಂಡನ್ನಿಗೆ. ಹೊರಗಿನ ಆಡಳಿತದ ಮೂಲದೋಷ ಇರುವುದು ಇಲ್ಲಿಯೇ.

ಅದರ ಬೆಲೆ ಎಷ್ಟೆಂದು ಕೇಳಿದರೆ ಜನಗಣತಿಯ ಅಂಕೆಗಳೇ ಉತ್ತರ ಹೇಳುತ್ತವೆ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ ಅದು 41 ಲಕ್ಷ 86 ಸಾವಿರ. ನಡುವೆ ಬಂದದ್ದು 1876ರಿಂದ 1878ರವರೆಗಿನ ಮಹಾಕ್ಷಾಮ. ಮಳೆ ಬಾರದ್ದು ಬ್ರಿಟಿಷರ ತಪ್ಪಲ್ಲ, ನಿಜ. ಆದರೆ ಜನರ ಉದ್ಧಾರಕ್ಕೆಂದೇ ಬಂದು ನಲವತ್ತೈದು ವರ್ಷ ಆಡಳಿತ ನಡೆಸಿದವರ ಕಣ್ಣೆದುರಿಗೆ ಹಳ್ಳಿಗಳು ಬರಿದಾದವು ಎಂಬುದನ್ನು ಹೇಗೆ ಮರೆಯುವುದು? ಹೋಗುವಾಗಲಾದರೂ ಬರಿಗೈಯಲ್ಲಿ ಹೋದರೇ? ಅದೂ ಇಲ್ಲ. ವಾರ್ಷಿಕ ಕಪ್ಪವನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿಸಿದರು. ಬೆಂಗಳೂರಿನ ದಂಡು ಪ್ರದೇಶವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ.

ನಮ್ಮ ಹಿರಿಯರು ಒಂದು ಮಾತು ಹೇಳುತ್ತಿದ್ದರು: ಉರಿಯುವ ಮನೆಯ ಗಳ ಹಿರಿಯುವುದು ಎಂದು. ಬೆಂಕಿ ಆರಿಸುವ ನೆಪದಲ್ಲಿ ಒಳಹೊಕ್ಕು ಸೂರಿನ ಬಿದಿರನ್ನು ಎಳೆದುಕೊಂಡು ಹೋಗುವವರನ್ನು ಕುರಿತ ಮಾತು ಅದು. ಪಕ್ಕದ ಕೊಡಗಿನಲ್ಲಿಯೂ ಇದೇ ನಡೆಯಿತು. ಅರಸ ಚಿಕ್ಕವೀರರಾಜೇಂದ್ರನ ಕ್ರೌರ್ಯದಿಂದ ಪ್ರಜೆಗಳನ್ನು ಬಿಡಿಸುತ್ತೇವೆಂದು 1834ರಲ್ಲಿ ಕಂಪೆನಿಯ ಸೈನ್ಯ ಮಡಿಕೇರಿಯನ್ನು ಹೊಕ್ಕಿತು. ಕೆಲವೇ ವಾರಗಳಲ್ಲಿ, ಇದು ಜನರದೇ ಇಚ್ಛೆ ಎಂದು ಹೇಳಿ ಕೊಡಗನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡಿತು. ಮೂರು ವರ್ಷ ಕಳೆಯುವುದರೊಳಗೆ, 1837ರಲ್ಲಿ, ಅಮರ ಸುಳ್ಯದ ರೈತರು ದಂಗೆ ಎದ್ದು ಮಂಗಳೂರಿನವರೆಗೆ ನಡೆದರು. ಜನರ ಇಚ್ಛೆ ಏನೆಂಬುದನ್ನು ಅವರು ತಾವೇ ತಿಳಿಸಿದರು.

ಸಹೋದರರೇ, ಇದೇ ಇತಿಹಾಸದ ಇನ್ನೊಂದು ಮಗ್ಗುಲನ್ನೂ ನಾವು ನೋಡಬೇಕಾಗಿದೆ. ಹೊರಗಿನವರು ತಾವಾಗಿ ನುಗ್ಗಿದ್ದು ಒಂದು ಕಥೆಯಾದರೆ, ಹೊರಗಿನವರ ದಾರಿ ಕಾದು ಕೆಟ್ಟದ್ದು ಇನ್ನೊಂದು ಕಥೆ. ಟಿಪ್ಪು ಸುಲ್ತಾನರು ಕಂಪೆನಿಯ ವಿರುದ್ಧ ಫ್ರೆಂಚರ, ಅಫ್ಘಾನ್ ದೊರೆ ಜಮಾನ್ ಷಾನ ಮತ್ತು ತುರ್ಕಿಯ ಸುಲ್ತಾನನ ನೆರವನ್ನು ಬಯಸಿದ್ದರು. ಅವರ ರಾಯಭಾರಿಗಳು 1798ರ ಜನವರಿಯಲ್ಲಿ ಮಾರಿಷಸ್‌ಗೆ ಹೋದಾಗ ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ಟಿಕ್ ಗುಟ್ಟಾಗಿರಬೇಕಾದ ವಿಷಯವನ್ನು ಬಹಿರಂಗ ಪ್ರಕಟಣೆಯಾಗಿ ಸಾರಿಬಿಟ್ಟ. ಮಂಗಳೂರಿಗೆ ಬಂದಿಳಿದ ಫ್ರೆಂಚ್ ಸ್ವಯಂಸೇವಕರು ನೂರರ ಆಸುಪಾಸು. ಆದರೆ ಆ ಪ್ರಕಟಣೆಯೇ ವೆಲ್ಲೆಸ್ಲಿಗೆ ಯುದ್ಧದ ನೆಪವಾಗಿ ಒದಗಿತು. ತುರ್ಕಿಯ ಸುಲ್ತಾನ ಮೂರನೇ ಸಲೀಂ, ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ್ದರಿಂದ ಬ್ರಿಟಿಷರ ಕಡೆ ಸೇರಿ, ಫ್ರೆಂಚರ ಸಹವಾಸ ಬಿಡಬೇಕೆಂದು ಟಿಪ್ಪುವಿಗೇ ಉಪದೇಶದ ಪತ್ರ ಬರೆದ. ಧರ್ಮ ಒಂದೇ ಆಗಿತ್ತು, ಹಿತಾಸಕ್ತಿ ಬೇರೆಯಾಗಿತ್ತು. ಸಾಮ್ರಾಜ್ಯಗಳು ತಮ್ಮ ಲೆಕ್ಕವನ್ನು ನೋಡಿಕೊಳ್ಳುತ್ತವೆಯೇ ಹೊರತು ನಮ್ಮ ಕಣ್ಣೀರನ್ನಲ್ಲ. ಮುಸ್ಲಿಮ್ ರಾಷ್ಟ್ರಗಳು ಯಾಕೆ ಸುಮ್ಮನಿವೆ ಎಂದು ಇಂದು ಆಶ್ಚರ್ಯದಿಂದ ಕೇಳುವ ನಮ್ಮ ಯುವಕರು ಶ್ರೀರಂಗಪಟ್ಟಣದ ಈ ಪಾಠವನ್ನೊಮ್ಮೆ ಓದಬೇಕು.

ಹಾಗಾದರೆ ಯಾವ ದೇಶವೂ ಯಾವ ಕಾರಣಕ್ಕೂ ಇನ್ನೊಂದು ದೇಶದ ವಿಷಯಕ್ಕೆ ಹೋಗಲೇಬಾರದೇ? ಅಷ್ಟು ಸುಲಭವಾಗಿ ಕೈತೊಳೆದುಕೊಳ್ಳಲು ಬರುವುದಿಲ್ಲ. 1994ರಲ್ಲಿ ರುವಾಂಡದಲ್ಲಿ ಏಪ್ರಿಲ್‌ನಿಂದ ಜುಲೈವರೆಗಿನ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರನ್ನು ಕೊಚ್ಚಿಹಾಕಲಾಯಿತು. ಹತ್ಯಾಕಾಂಡ ನಡೆಯುತ್ತಿದ್ದಾಗಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಅಲ್ಲಿದ್ದ ಶಾಂತಿಪಡೆಯನ್ನು 270 ಜನರಿಗೆ ಇಳಿಸುವ ನಿರ್ಣಯ ಮಾಡಿತು. 1995ರ ಜುಲೈಯಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸದಲ್ಲಿ 8 ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಗಂಡಸರು ಮತ್ತು ಬಾಲಕರನ್ನು ಕೊಲ್ಲಲಾಯಿತು. ಅದು ವಿಶ್ವಸಂಸ್ಥೆಯೇ ಸುರಕ್ಷಿತ ಪ್ರದೇಶವೆಂದು ಘೋಷಿಸಿದ್ದ ಊರಾಗಿತ್ತು, ಅದರ ಸೈನಿಕರು ಅಲ್ಲಿಯೇ ಇದ್ದರು. ಸಾರ್ವಭೌಮತ್ವವೆಂಬ ಪದವನ್ನು ಹಿಡಿದು, ಇದು ಅವರ ಆಂತರಿಕ ವಿಷಯ ಎಂದು ಹೇಳುವವರು ಆ ತಾಯಂದಿರ ಮುಂದೆ ನಿಂತು ಹೇಳಬಲ್ಲರೇ?

ನೆರೆಮನೆಯಲ್ಲಿ ಗಂಡ ಹೆಂಡತಿ ಮಾತಿಗೆ ಮಾತು ಬೆಳೆಸಿದಾಗ ನಾವು ಬಾಗಿಲು ತಟ್ಟುವುದಿಲ್ಲ. ಆದರೆ ಮಗುವಿನ ಕತ್ತು ಹಿಸುಕುತ್ತಿರುವ ಸದ್ದು ಕೇಳಿದರೆ ಬಾಗಿಲನ್ನು ಒಡೆದಾದರೂ ಒಳಗೆ ಹೋಗುತ್ತೇವೆ. ರಾಜಕೀಯ ಕ್ಷೋಭೆಗೂ ನರಮೇಧಕ್ಕೂ ಇರುವ ಅಂತರ ಇದೇ ಆಗಿದೆ. ಚುನಾವಣೆಯ ವಿವಾದ, ಸರಕಾರದ ಪತನ, ವಿದ್ಯಾರ್ಥಿಗಳ ಚಳವಳಿ, ಬೆಲೆ ಏರಿಕೆಯ ವಿರುದ್ಧದ ದಂಗೆ ಇವೆಲ್ಲ ಆಯಾ ದೇಶದ ಜನರು ತಾವೇ ಬಗೆಹರಿಸಿಕೊಳ್ಳಬೇಕಾದವು. ಒಂದು ಜನಾಂಗವನ್ನೇ ಅಳಿಸಿಹಾಕುವ ಕೆಲಸ ನಡೆಯುತ್ತಿದ್ದರೆ ಅದು ಇಡೀ ಮಾನವಕುಲದ ವಿಷಯವಾಗುತ್ತದೆ. 2005ರ ವಿಶ್ವ ಶೃಂಗಸಭೆಯಲ್ಲಿ ರಾಷ್ಟ್ರಗಳೆಲ್ಲ ಈ ಹೊಣೆಯನ್ನು ಒಪ್ಪಿಕೊಂಡವು. ಆದರೆ ಆ ಹೊಣೆಯನ್ನು ಹೊರುವವರು ಯಾರು, ಯಾರ ಅನುಮತಿಯಿಂದ, ಎಷ್ಟು ದಿನ ಎಂಬ ಪ್ರಶ್ನೆಗಳು ಅಲ್ಲಿಗೇ ಮುಗಿಯಲಿಲ್ಲ.

ನಮ್ಮ ದೇಶದ ಅನುಭವವನ್ನೇ ಮುಂದಿಟ್ಟುಕೊಂಡು ಇದನ್ನು ಪರೀಕ್ಷಿಸೋಣ. 1971ರಲ್ಲಿ ಪೂರ್ವ ಪಾಕಿಸ್ತಾನದ ಸೇನಾ ದೌರ್ಜನ್ಯದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಭಾರತವು ತಿಂಗಳುಗಟ್ಟಲೆ ಜಗತ್ತಿನ ಬಾಗಿಲು ತಟ್ಟಿತು. ಡಿಸೆಂಬರ್ 3ರಂದು ಆರಂಭವಾದ ಯುದ್ಧವು 16ರಂದು ಮುಗಿಯಿತು. ಭಾರತಕ್ಕೆ ಇದರಲ್ಲಿ ಸ್ವಹಿತವೇ ಇರಲಿಲ್ಲ ಎಂದು ಹೇಳುವಷ್ಟು ಮುಗ್ಧರು ನಾವಾಗಬೇಕಿಲ್ಲ. ಆದರೆ 1972ರ ಮಾರ್ಚ್ ತಿಂಗಳಲ್ಲಿ ನಮ್ಮ ಸೈನ್ಯವು ಢಾಕಾದಿಂದ ಮರಳಿತು. ಮೈಸೂರಿನಲ್ಲಿ ಬ್ರಿಟಿಷರು ಕುಳಿತದ್ದು ಐವತ್ತು ವರ್ಷ, ಬಾಂಗ್ಲಾದೇಶದಲ್ಲಿ ಭಾರತವು ಉಳಿದದ್ದು ಕೆಲವೇ ತಿಂಗಳು. ಮಧ್ಯಪ್ರವೇಶದ ನಿಯತ್ತನ್ನು ಅಳೆಯಲು ಹೋದ ದಿನಕ್ಕಿಂತ ಮರಳಿದ ದಿನವನ್ನು ನೋಡಬೇಕು.

ಇನ್ನು ಶ್ರೀಲಂಕಾ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ತಮಿಳರ ರಕ್ಷಣೆಗೂ ಶಾಂತಿಯ ಸ್ಥಾಪನೆಗೂ ಎಂದು ಭಾರತದ ಶಾಂತಿಪಾಲನಾ ಪಡೆ ಜಾಫ್ನಾಕ್ಕೆ ಹೋಯಿತು. ಅಕ್ಟೋಬರ್ ತಿಂಗಳ ಹೊತ್ತಿಗೆ ಅದು ಯಾರ ರಕ್ಷಣೆಗೆ ಹೋಗಿತ್ತೋ ಅವರ ನಡುವಿನ ಎಲ್‌ಟಿಟಿಇಯೊಂದಿಗೇ ಯುದ್ಧಕ್ಕಿಳಿದಿತ್ತು. ಸಿಂಹಳೀಯರಿಗೆ ಅದು ಆಕ್ರಮಣಕಾರಿಯಾಗಿ ಕಂಡಿತು, ತಮಿಳರಿಗೆ ದ್ರೋಹಿಯಾಗಿ ಕಂಡಿತು. 1990ರ ಮಾರ್ಚ್‌ನಲ್ಲಿ ಪಡೆ ಮರಳುವಷ್ಟರಲ್ಲಿ ನಮ್ಮ ಸಾವಿರಕ್ಕೂ ಹೆಚ್ಚು ಯೋಧರು ಪ್ರಾಣ ತೆತ್ತಿದ್ದರು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಆ ಸಂಚಿನ ಮುಖ್ಯ ಆರೋಪಿ ಶಿವರಾಸನ್ ಮತ್ತು ಅವನ ಸಂಗಡಿಗರು ಅದೇ ವರ್ಷ ಆಗಸ್ಟ್‌ನಲ್ಲಿ ಹೆಣವಾಗಿ ಸಿಕ್ಕಿದ್ದು ಎಲ್ಲಿ? ಬೆಂಗಳೂರಿನ ಕೋಣನಕುಂಟೆಯ ಒಂದು ಬಾಡಿಗೆ ಮನೆಯಲ್ಲಿ. ಜಾಫ್ನಾದಲ್ಲಿ ಹೊತ್ತಿದ ಕಿಡಿ ನಮ್ಮ ರಾಜಧಾನಿಯ ಅಂಚಿಗೆ ಬಂದು ಆರಿತು. ಆಹ್ವಾನವಿತ್ತು, ಒಪ್ಪಂದವಿತ್ತು, ಬಹುಶಃ ಸದುದ್ದೇಶವೂ ಇತ್ತು. ಆದರೆ ಗುರಿಯ ಸ್ಪಷ್ಟತೆ ಇರಲಿಲ್ಲ, ಮರಳುವ ದಾರಿ ಗೊತ್ತಿರಲಿಲ್ಲ.

ಮಾಲ್ದೀವ್ಸ್‌ನ ಉದಾಹರಣೆಯನ್ನೂ ನೋಡೋಣ. 1988ರ ನವೆಂಬರ್ 3ರಂದು ಬಾಡಿಗೆ ಬಂಟರು ಮಾಲೆಯನ್ನು ಮುತ್ತಿದಾಗ ಅಧ್ಯಕ್ಷ ಗಯೂಮ್ ನೆರವು ಕೋರಿದರು. ಅದೇ ರಾತ್ರಿ ಭಾರತದ ಪ್ಯಾರಾ ಸೈನಿಕರು ಅಲ್ಲಿಗೆ ಇಳಿದು ದಂಗೆಯನ್ನು ಅಡಗಿಸಿದರು. ಕೆಲಸ ಮುಗಿದ ಬಳಿಕ ಬಹುಪಾಲು ಸೈನಿಕರು ಬೇಗನೆ ಮರಳಿದರು. ಅದೇ ಮಾಲ್ದೀವ್ಸ್‌ನಲ್ಲಿ 2023ರಲ್ಲಿ ಅಧಿಕಾರಕ್ಕೆ ಬಂದ ಮುಯಿಝು ಸರಕಾರವು, ಭಾರತ ಕೊಟ್ಟಿದ್ದ ಎರಡು ಹೆಲಿಕಾಪ್ಟರ್ ಮತ್ತು ಒಂದು ವಿಮಾನವನ್ನು ನೋಡಿಕೊಳ್ಳಲು ಅಲ್ಲಿದ್ದ ನಮ್ಮ ಸೇನಾ ಸಿಬ್ಬಂದಿ ಹೊರಡಬೇಕೆಂದು ಕೇಳಿತು. ಹೆಲಿಕಾಪ್ಟರುಗಳು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಧ್ರುವ್ ಮಾದರಿಯವು. ನಮ್ಮಲ್ಲಿ ಕೆಲವರು ಇದನ್ನು ಅವಮಾನವೆಂದು ಕೂಗಾಡಿದರು. ಭಾರತ ಸರಕಾರವು 2024ರ ಮೇ ತಿಂಗಳೊಳಗೆ ಸೈನಿಕರನ್ನು ಹಿಂದಕ್ಕೆ ಕರೆಸಿಕೊಂಡು ಅವರ ಜಾಗದಲ್ಲಿ ನಾಗರಿಕ ತಂತ್ರಜ್ಞರನ್ನು ಕಳುಹಿಸಿತು. ಕೆಲಸವೂ ನಿಲ್ಲಲಿಲ್ಲ, ಸಂಬಂಧವೂ ಕಡಿಯಲಿಲ್ಲ. ದೊಡ್ಡ ದೇಶವೊಂದು ಸಣ್ಣ ದೇಶದ ಮಾತನ್ನು ಕೇಳಿದರೆ ಅದರ ಘನತೆ ತಗ್ಗುವುದಿಲ್ಲ. ನಮ್ಮ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ನಮ್ಮ ಮಕ್ಕಳಿಗೆ ಅಲ್ಲಿ ಉದ್ಯೋಗ ಸಿಗಲಿ ಎಂದು ನಾವು ಹಾರೈಸುತ್ತೇವೆ. ಜೊತೆಗೆ, ಈ ಊರ ಬಳಿ ತಯಾರಾದ ಯಂತ್ರಗಳು ಯಾವ ದೇಶದ ಆಕಾಶದಲ್ಲಿ, ಯಾವ ಕೆಲಸಕ್ಕೆ ಹಾರುತ್ತವೆ ಎಂದು ಕೇಳುವ ಹಕ್ಕು ಮತ್ತು ಹೊಣೆ ಕೂಡ ನಮಗೆ ಬಂದಿದೆ.

ಹೋಗದೆ ಉಳಿದು ಗೌರವ ಉಳಿಸಿಕೊಂಡ ಉದಾಹರಣೆಯೂ ನಮ್ಮಲ್ಲಿದೆ. 2003ರಲ್ಲಿ ಅಮೆರಿಕವು ಸಾಮೂಹಿಕ ನಾಶದ ಅಸ್ತ್ರಗಳಿವೆಯೆಂದು ಹೇಳಿ ಇರಾಕಿಗೆ ನುಗ್ಗಿತು. ಆ ಅಸ್ತ್ರಗಳು ಸಿಗಲೇ ಇಲ್ಲ. ನಮ್ಮ ಲೋಕಸಭೆಯು ಆ ಏಪ್ರಿಲ್‌ನಲ್ಲಿ ಆಕ್ರಮಣವನ್ನು ಖಂಡಿಸುವ ನಿರ್ಣಯ ಅಂಗೀಕರಿಸಿತು. ಆ ಬಳಿಕ ಭಾರತೀಯ ಸೈನಿಕರನ್ನು ಇರಾಕಿಗೆ ಕಳುಹಿಸಬೇಕೆಂದು ಅಮೆರಿಕವು ಒತ್ತಡ ಹೇರಿದಾಗ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳುಹಿಸಲಾಗದು ಎಂದು ವಾಜಪೇಯಿ ಸರಕಾರವು ಜುಲೈ 14ರಂದು ತೀರ್ಮಾನಿಸಿತು. ಬಿಜೆಪಿಯ ಸರಕಾರ ಮಾಡಿತು ಎಂಬ ಕಾರಣಕ್ಕೆ ಒಳ್ಳೆಯ ತೀರ್ಮಾನವನ್ನು ಒಳ್ಳೆಯದೆನ್ನಲು ನಾವು ಹಿಂಜರಿಯಬೇಕಿಲ್ಲ. 2011ರಲ್ಲಿ ಲಿಬಿಯಾದ ನಾಗರಿಕರ ರಕ್ಷಣೆಗೆಂದು ಭದ್ರತಾ ಮಂಡಳಿಯು 1973ನೇ ಸಂಖ್ಯೆಯ ನಿರ್ಣಯ ಅಂಗೀಕರಿಸಿದಾಗ ಮತ ಹಾಕದೆ ಉಳಿದ ಐದು ದೇಶಗಳಲ್ಲಿ ಭಾರತವೂ ಇತ್ತು. ನಾಗರಿಕರ ರಕ್ಷಣೆ ಎಂದು ಶುರುವಾದದ್ದು ಗದ್ದಾಫಿಯ ಹತ್ಯೆಯಲ್ಲಿ ಮುಗಿಯಿತು. ಆಮೇಲೆ ಲಿಬಿಯಾ ಎರಡಾಗಿ ಒಡೆದು ವರ್ಷಗಟ್ಟಲೆ ಅಂತರ್ಯುದ್ಧದಲ್ಲಿ ಬೆಂದಿತು. ಗದ್ದಾಫಿ ದಬ್ಬಾಳಿಕೆ ನಡೆಸಿದ್ದನೇ? ಹೌದು. ಸದ್ದಾಂ ಕ್ರೂರಿಯಾಗಿದ್ದನೇ? ಹೌದು. ಆದರೆ ಮರ್ದಕನನ್ನು ಉರುಳಿಸಿದ ಮಾತ್ರಕ್ಕೆ ಮರ್ದಿತನಿಗೆ ನ್ಯಾಯ ಸಿಗುವುದಿಲ್ಲ ಎಂಬುದನ್ನು ಈ ಎರಡು ದೇಶಗಳ ವಿಧವೆಯರು ಮತ್ತು ಅನಾಥರು ಬಲ್ಲರು.

ಇಷ್ಟೆಲ್ಲ ನೋಡಿದ ಮೇಲೆ ನಾವು ನಾಲ್ಕು ಪ್ರಶ್ನೆಗಳನ್ನು ಮುಂದಿಡುತ್ತೇವೆ. ಯಾವುದೇ ಮಧ್ಯಪ್ರವೇಶವನ್ನು ಬೆಂಬಲಿಸುವ ಮೊದಲು, ಅದನ್ನು ಮಾಡುತ್ತಿರುವುದು ನಮ್ಮ ದೇಶವಾಗಿರಲಿ ಅನ್ಯ ದೇಶವಾಗಿರಲಿ, ಇವುಗಳನ್ನು ಕೇಳಬೇಕು. ಮೊದಲನೆಯದು, ಅಲ್ಲಿ ನಡೆಯುತ್ತಿರುವುದು ರಾಜಕೀಯದ ಜಗಳವೋ ಜನರ ಸಾಮೂಹಿಕ ಸಂಹಾರವೋ? ಎರಡನೆಯದು, ಮಾತುಕತೆ, ಆಶ್ರಯ, ಪರಿಹಾರ, ಒತ್ತಡ ಮುಂತಾದ ಎಲ್ಲ ಶಾಂತಿಯುತ ದಾರಿಗಳು ಮುಗಿದಿವೆಯೇ? ಮೂರನೆಯದು, ಒಂದು ದೇಶದ ಸ್ವಂತ ತೀರ್ಮಾನವೋ ಅಥವಾ ವಿಶ್ವಸಂಸ್ಥೆಯಂತಹ ಬಹುರಾಷ್ಟ್ರಗಳ ಒಪ್ಪಿಗೆ ಇದೆಯೋ? ನಾಲ್ಕನೆಯದು, ಯಾವಾಗ ಮರಳುತ್ತಾರೆ ಮತ್ತು ಏನನ್ನು ಹೊತ್ತುಕೊಂಡು ಮರಳುತ್ತಾರೆ? 1831ರ ಮೈಸೂರು ಈ ನಾಲ್ಕರಲ್ಲಿಯೂ ಸೋಲುತ್ತದೆ. 2003ರ ಇರಾಕ್ ಸೋಲುತ್ತದೆ. 1971ಕ್ಕೆ ವಿಶ್ವಸಂಸ್ಥೆಯ ಒಪ್ಪಿಗೆ ಇರಲಿಲ್ಲವಾದ್ದರಿಂದ ಮೂರನೆಯದರಲ್ಲಿ ಸೋಲುತ್ತದೆ, ಉಳಿದ ಮೂರರಲ್ಲಿ ತೇರ್ಗಡೆಯಾಗುತ್ತದೆ. ಈ ಪ್ರಶ್ನೆಗಳು ಕಾನೂನಿನ ಪುಸ್ತಕವಲ್ಲ. ಆವೇಶದಲ್ಲಿ ಮಾತನಾಡುವ ಮುನ್ನ ನಿಂತು ಯೋಚಿಸಲು ಒಂದು ಕಟ್ಟೆ ಅಷ್ಟೇ.

ಸೈನ್ಯವೊಂದು ಗೆಲ್ಲಲು ಅಲ್ಲದೆ ಕಾಯಲು ಹೋಗಬಹುದು ಎಂಬುದಕ್ಕೂ ನಮ್ಮ ನಾಡಿನವರೇ ಮಾದರಿಯಾಗಿದ್ದಾರೆ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾ ಯುದ್ಧದ ಬಳಿಕ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ, ತಾಯ್ನಾಡಿಗೆ ಮರಳಲೊಪ್ಪದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತರು. ಎರಡೂ ಬಣಗಳು ಒತ್ತಡ ಹೇರಿದರೂ ಅವರು ಯಾವ ಕಡೆಗೂ ವಾಲಲಿಲ್ಲ. 1964ರಲ್ಲಿ ಸೈಪ್ರಸ್‌ನಲ್ಲಿ ಗ್ರೀಕರು ಮತ್ತು ತುರ್ಕರ ನಡುವೆ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾದರು. 1965ರ ಡಿಸೆಂಬರ್‌ನಲ್ಲಿ ಅಲ್ಲಿಯೇ ಕರ್ತವ್ಯದಲ್ಲಿದ್ದಾಗ ನಿಧನರಾದರು. ಸೈಪ್ರಸ್ ಸರಕಾರವು ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಪರದೇಶದ ಸೇನಾಧಿಕಾರಿಯೊಬ್ಬನ ಚಿತ್ರವನ್ನು ಒಂದು ದೇಶವು ಪ್ರೀತಿಯಿಂದ ಅಚ್ಚು ಹಾಕಿಸುವುದು ಅಪರೂಪ. ಗಳ ಹಿರಿಯಲು ಬಂದವರಿಗೆ ಅಂಥ ಗೌರವ ಸಿಗುವುದಿಲ್ಲ.

ಇನ್ನು ನಮ್ಮ ಪಾಲಿನ ಮಾತು. ವಿದೇಶದ ಅನ್ಯಾಯದ ಬಗ್ಗೆ ಮಾತನಾಡುವಾಗ ನಮ್ಮ ತಕ್ಕಡಿ ಒಂದೇ ಆಗಿರಬೇಕು. ಪಕ್ಕದ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಕೊಳ್ಳುವಾಗ ಒಂದು ತೂಕ, ಮಾರುವಾಗ ಇನ್ನೊಂದು ತೂಕ ಇಟ್ಟುಕೊಂಡ ವ್ಯಾಪಾರಿಯನ್ನು ಯಾರು ನಂಬುತ್ತಾರೆ? ಗಾಝಾದ ಮಕ್ಕಳಿಗಾಗಿ ನಾವು ಕಣ್ಣೀರು ಹಾಕಿದ್ದೇವೆ, ಅದು ನ್ಯಾಯ. 2023ರ ಡಿಸೆಂಬರ್ 12ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಕದನವಿರಾಮದ ಪರ ಭಾರತವು ಮತ ಹಾಕಿದಾಗ ಸಂತೋಷಪಟ್ಟಿದ್ದೇವೆ, 2025ರ ಜೂನ್‌ನಲ್ಲಿ ಅಂಥದೇ ನಿರ್ಣಯಕ್ಕೆ ಮತ ಹಾಕದೆ ಉಳಿದಾಗ ನೊಂದಿದ್ದೇವೆ. ಆದರೆ 2024ರ ಆಗಸ್ಟ್ 5ರಂದು ಶೇಖ್ ಹಸೀನಾ ಢಾಕಾದಿಂದ ಪಲಾಯನ ಮಾಡಿದ ಬಳಿಕ ಅಲ್ಲಿನ ಹಿಂದೂಗಳ ಮನೆ, ಮಂದಿರಗಳ ಮೇಲೆ ದಾಳಿಗಳು ನಡೆದಾಗ ನಮ್ಮ ದನಿ ಅಷ್ಟೇ ಗಟ್ಟಿಯಾಗಿತ್ತೇ? ಸುಡಾನಿನಲ್ಲಿ ಮುಸ್ಲಿಮರೇ ಮುಸ್ಲಿಮರನ್ನು ಕೊಲ್ಲುತ್ತಿದ್ದಾಗ ನಮ್ಮ ಸಭೆಗಳಲ್ಲಿ ಅದರ ಮಾತು ಎಷ್ಟು ಬಂತು? ಕೊಲೆಗಾರನ ಹೆಸರನ್ನು ನೋಡಿ ಖಂಡನೆಯ ದನಿಯನ್ನು ಏರಿಳಿಸುವುದು ನ್ಯಾಯದ ಲಕ್ಷಣವಲ್ಲ. ಬಾಂಗ್ಲಾದೇಶದ ಅಲ್ಪಸಂಖ್ಯಾತರ ಪರ ನಾವು ಮಾತನಾಡಿದರೆ, ಇಲ್ಲಿನ ಅಲ್ಪಸಂಖ್ಯಾತರ ಪರ ಮಾತನಾಡುವ ಹಿಂದೂ ಬಾಂಧವರ ಕೈ ಬಲವಾಗುತ್ತದೆ. ಅಲ್ಲಿನ ತಪ್ಪಿಗೆ ಇಲ್ಲಿನವರನ್ನು ಹೊಣೆ ಮಾಡುವ ದ್ವೇಷ ವ್ಯಾಪಾರಿಗಳ ಬಾಯಿಯೂ ಮುಚ್ಚುತ್ತದೆ.

ಹಾಗೆಯೇ ಯುವಕರಿಗೆ ಒಂದು ಎಚ್ಚರಿಕೆಯ ಮಾತು. ಯಾವುದೋ ದೇಶದ ಯಾವುದೋ ವರ್ಷದ ಚಿತ್ರವನ್ನು ಇಂದಿನದೆಂದು ನಂಬಿ ಹಂಚಬೇಡಿರಿ. ನೊಂದ ಜನರಿಗೆ ಅದರಿಂದ ಒಂದು ತುತ್ತು ಅನ್ನವೂ ಸಿಗುವುದಿಲ್ಲ, ನಿಮ್ಮ ಮನೆಯ ಬಾಗಿಲಿಗೆ ಪೊಲೀಸರು ಬರಬಹುದು. ಪರದೇಶದ ಯುದ್ಧಕ್ಕೆ ಕರೆಯುವ ಯಾರ ಮಾತಿಗೂ, ಅದು ಸಂಬಳದ ಆಸೆಯಾಗಿರಲಿ ಧರ್ಮದ ಹೆಸರಾಗಿರಲಿ, ಕಿವಿಗೊಡಬೇಡಿರಿ. ನೆರವು ಕೊಡಬೇಕೆನಿಸಿದರೆ ಕಾನೂನಿನ ದಾರಿಯಲ್ಲಿ, ಸರಕಾರಕ್ಕೆ ಲೆಕ್ಕ ಒಪ್ಪಿಸುವ ಸಂಸ್ಥೆಗಳ ಮೂಲಕವೇ ಕೊಡಿರಿ. ಸರಕಾರಕ್ಕೆ ಹೇಳಬೇಕಾದುದನ್ನು ನಿಮ್ಮ ಸಂಸದರಿಗೆ ಪತ್ರ ಬರೆದು, ಶಾಂತಿಯುತ ಸಭೆ ನಡೆಸಿ ಹೇಳಿರಿ. ಪ್ರಜಾಪ್ರಭುತ್ವದಲ್ಲಿ ವಿದೇಶಾಂಗ ನೀತಿಯೂ ಪ್ರಜೆಗಳದ್ದೇ.

ಸರಕಾರದಿಂದ ನಾವು ಬಯಸುವುದು ಇಷ್ಟೇ: ನೆರೆಯ ದೇಶಗಳ ಗದ್ದುಗೆಯ ಮೇಲೆ ಯಾರು ಕೂರಬೇಕೆಂದು ತೀರ್ಮಾನಿಸಲು ಹೋಗದಿರಲಿ. ಆದರೆ ಅಲ್ಲಿಂದ ಪ್ರಾಣಭಯದಿಂದ ಓಡಿಬಂದವರಿಗೆ ಧರ್ಮ ಕೇಳದೆ ಆಶ್ರಯ ಕೊಡಲಿ. ಸುಡಾನಿನಿಂದ ಆಪರೇಷನ್ ಕಾವೇರಿಯ ಮೂಲಕ ಸಾವಿರಾರು ಜನರನ್ನು ಕರೆತಂದಂತೆ ನಮ್ಮವರನ್ನು ಕರೆತರುವ ಕೆಲಸದಲ್ಲಿ ತಡಮಾಡದಿರಲಿ. ಎರಡು ಕಡೆಯವರನ್ನೂ ಕೂರಿಸಿ ಮಾತನಾಡಿಸಬಲ್ಲ ವಿಶ್ವಾಸವನ್ನು ಗಳಿಸಲಿ. ನರಮೇಧ ನಡೆದಾಗ ಮೌನವಾಗದಿರಲಿ.

ಪರಕೀಯರ ಉಪಕಾರದ ಐವತ್ತು ವರ್ಷಗಳನ್ನು ಕಂಡ ನಾಡಿನ ಮಕ್ಕಳು ನಾವು. ನೆರೆಮನೆಗೆ ಬೆಂಕಿ ಬಿದ್ದಾಗ ನೀರು ಹೊತ್ತು ಓಡುವುದು ನಮ್ಮ ಧರ್ಮವಾಗಿದೆ. ಬೆಂಕಿ ಆರಿದ ಮೇಲೆ ಖಾಲಿ ಕೊಡದೊಂದಿಗೆ ನಮ್ಮ ಮನೆಗೆ ಮರಳುವುದೂ ಅಷ್ಟೇ ದೊಡ್ಡ ಧರ್ಮವಾಗಿದೆ. ಈ ಎರಡನ್ನೂ ಬಲ್ಲ ದೇಶವಾಗಿ ನಮ್ಮ ಭಾರತವು ಬೆಳೆಯಲಿ ಎಂದು ಹಾರೈಸುತ್ತಾ ನಮ್ಮ ಮಾತನ್ನು ಮುಗಿಸುತ್ತೇವೆ.